ಪಂಪ್ ಕೊಟ್ಟರೂ ಮಗುವಿನ ಉಬ್ಬಸ ಇಳಿಯುತ್ತಿಲ್ಲವೇ?

ಪ್ರಶ್ನೆ: ಮೂರು ವರ್ಷದ ಮಗನಿಗೆ ನೆಗಡಿಯಾದಾಗಲೆಲ್ಲ ಎದೆ ಸುಂಯ್‌ಗುಟ್ಟುತ್ತದೆ. ಡಾಕ್ಟರು ಸಾಲ್ಬುಟಮಾಲ್ ಪಂಪ್ (ಇನ್‌ಹೇಲರ್), ಅದಕ್ಕೆ ಸಿಕ್ಕಿಸುವ ಮಾಸ್ಕ್ ಇರುವ ಪ್ಲಾಸ್ಟಿಕ್ ಕೊಳವೆ, ಅಂದರೆ ಸ್ಪೇಸರ್ ಬರೆದುಕೊಟ್ಟಿದ್ದಾರೆ. ಕೊಟ್ಟರೂ ಗುಣ ಕಾಣುತ್ತಿಲ್ಲ. ಪಂಪ್ ಚಟವಾಗುತ್ತದೆ, ಸಿರಪ್ಪೇ ವಾಸಿ ಎನ್ನುತ್ತಾರೆ ಮನೆಯವರು.
– ಓದುಗರು, ದಾವಣಗೆರೆ

ಉತ್ತರ: ಮೊದಲು ಲೆಕ್ಕ ನೋಡಿ. ಪಂಪ್‌ನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ ಔಷಧವಿದೆ, ಎರಡಕ್ಕೆ 200. ಅದೇ ಔಷಧದ ಸಿರಪ್ ಬರೀ 2.5 ಮಿ.ಲೀ. ಕುಡಿಸಿದರೂ 1000 ಮೈಕ್ರೋಗ್ರಾಂ ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ರಕ್ತಕ್ಕಿಳಿದು ಶ್ವಾಸನಾಳ ಮುಟ್ಟುವಷ್ಟರಲ್ಲಿ ಕೈ ನಡುಗಿಸಿ, ಎದೆ ಡವಗುಟ್ಟಿಸಿರುತ್ತದೆ. ಪಂಪ್ ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ. ಚಟದ ಮಾತಿಗೆ ಆಧಾರವೇ ಇಲ್ಲ.

ಗುಣ ಕಾಣದಿರುವುದಕ್ಕೆ ಬಹುಪಾಲು ಕಾರಣ ಔಷಧವಲ್ಲ, ಕೊಡುವ ರೀತಿ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ. ಪಂಪ್ ಚೆನ್ನಾಗಿ ಅಲುಗಾಡಿಸಿ ಸ್ಪೇಸರ್‌ಗೆ ಸಿಕ್ಕಿಸಿ. ಮಾಸ್ಕ್ ಮೂಗು, ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಅಂಟಿರಬೇಕು. ಒಂದೇ ಪಫ್ ಒತ್ತಿ, ಐದಾರು ಉಸಿರು ಆಗುವವರೆಗೆ ತೆಗೆಯಬೇಡಿ. ಸ್ಪೇಸರ್‌ನೊಳಗಿನ ತೆಳು ವಾಲ್ವ್ ಪ್ರತಿ ಉಸಿರಿಗೂ ಆಡಬೇಕು. ಅದು ಆಡುತ್ತಿಲ್ಲವೆಂದರೆ ಮಾಸ್ಕ್ ಪಕ್ಕದಿಂದ ಗಾಳಿ ಸೋರುತ್ತಿದೆ, ಔಷಧ ಒಳಗೆ ಹೋಗುತ್ತಿಲ್ಲ. ಎರಡನೇ ಪಫ್‌ಗೆ ಮತ್ತೆ ಅಲುಗಾಡಿಸಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧದ ಕಣಗಳು ಒಂದಕ್ಕೊಂದು ಅಂಟಿ, ಶ್ವಾಸನಾಳಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಮಗು ಕಿರುಚಿ ಅಳುವಾಗ ಕೊಟ್ಟದ್ದೂ ಹಾಗೇ, ಬಾಯಿ–ಗಂಟಲಲ್ಲೇ ನಿಲ್ಲುತ್ತದೆ. ಆರೋಗ್ಯವಾಗಿರುವ ದಿನಗಳಲ್ಲೇ ಖಾಲಿ ಮಾಸ್ಕನ್ನು ಗೊಂಬೆಗೆ ಹಾಕಿ, ಆಮೇಲೆ ಮಗುವಿಗೆ ಹಾಕಿ ರೂಢಿ ಮಾಡಿಸಿ.

ಹೊಸ ಸ್ಪೇಸರನ್ನು ಡಬ್ಬಿಯಿಂದ ತೆಗೆದ ಕೂಡಲೇ ಬಳಸುವುದು ಇನ್ನೊಂದು ತಪ್ಪು. ಪ್ಲಾಸ್ಟಿಕ್‌ನ ಸ್ಥಾಯೀ ವಿದ್ಯುತ್ತಿಗೆ ಔಷಧ ಗೋಡೆಗೇ ಅಂಟಿಬಿಡುತ್ತದೆ. ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ನೆನೆಸಿ, ಒರೆಸದೆ ಗಾಳಿಗೆ ಒಣಗಿಸಿ. ಬಟ್ಟೆಯಲ್ಲಿ ಉಜ್ಜಿದರೆ ವಿದ್ಯುತ್ತು ಮತ್ತೆ ಹುಟ್ಟುತ್ತದೆ. ಪಂಪ್ ಖಾಲಿಯೋ ಎಂದು ನೀರಲ್ಲಿ ತೇಲಿಸಿ ನೋಡುವ ಪದ್ಧತಿಯನ್ನೂ ನಂಬಬೇಡಿ. ಸಾಮಾನ್ಯವಾಗಿ 200 ಪಫ್ ಇರುತ್ತದೆ, ಬರೆದಿಟ್ಟು ಎಣಿಸಿ.

ಸಾಮಾನ್ಯವಾಗಿ 2 ಪಫ್‌ನಿಂದ ಶುರು, ನಿಮ್ಮ ಡಾಕ್ಟರು ಬರೆದುಕೊಟ್ಟದ್ದೇ ಅಂತಿಮ. ಇಳಿಯದಿದ್ದರೆ 20 ನಿಮಿಷ ಬಿಟ್ಟು ಮತ್ತೆ ಕೊಡಬಹುದು. ಒಂದು ಗಂಟೆಯಲ್ಲಿ ಮೂರು ಸಲ ಕೊಟ್ಟರೂ ತಗ್ಗದಿದ್ದರೆ, ಇಲ್ಲವೇ ತಗ್ಗಿದ್ದು ನಾಲ್ಕು ಗಂಟೆಯೊಳಗೆ ಮರುಕಳಿಸಿದರೆ ಆಸ್ಪತ್ರೆಗೆ ಹೊರಡಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಂಡಿ ಬೀಳುವುದು, ಮಾತು ತುಂಡಾಗುವುದು, ತುಟಿ ನೀಲಿಯಾಗುವುದು, ಮಂಕು ಕವಿಯುವುದು ಕಂಡರೆ ಗಡಿಯಾರ ನೋಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ, ದಾರಿಯಲ್ಲೂ ಪಂಪ್ ಕೊಡುತ್ತಿರಿ. ಸುಂಯ್ ಸದ್ದು ನಿಂತೂ ಮಗು ಉಸಿರಿಗೆ ಒದ್ದಾಡುತ್ತಿದ್ದರೆ ಅದು ವಾಸಿಯಾದದ್ದಲ್ಲ, ಗಾಳಿಯೇ ಆಡುತ್ತಿಲ್ಲ. ವರ್ಷ ತುಂಬದ ಕೂಸಾದರೆ ಮನೆಯಲ್ಲಿ ಪ್ರಯೋಗ ಬೇಡ, ನೇರ ಡಾಕ್ಟರ ಬಳಿಗೆ ಹೋಗಿ.

ಪ್ರಶ್ನೆ: ನಮ್ಮ ಮನೆ ಮಂಡಕ್ಕಿ ಭಟ್ಟಿಗಳ ಪಕ್ಕ. ನಾಲ್ಕು ವರ್ಷದ ಮಗಳ ಉಬ್ಬಸಕ್ಕೆ ಹೊಗೆಯೇ ಕಾರಣವೇ? ದಿನಾ ಕೊಡುವ ಬುಡೆಸೊನೈಡ್ ಪಂಪನ್ನು ಹತ್ತು ದಿನ ಕೊಟ್ಟು ನಿಲ್ಲಿಸಿದೆವು.
– ಓದುಗರು, ದಾವಣಗೆರೆ

ಉತ್ತರ: ಈ ವಯಸ್ಸಲ್ಲಿ ಉಬ್ಬಸ ಕೆರಳಿಸುವುದು ಹೆಚ್ಚಾಗಿ ನೆಗಡಿಯ ವೈರಸ್. ಹೊಟ್ಟಿನ ಹೊಗೆ ಅದನ್ನು ಉಲ್ಬಣಿಸುತ್ತದೆ. ಭಟ್ಟಿ ಉರಿಯುವ ಹೊತ್ತು ಆ ಕಡೆಯ ಕಿಟಕಿ ಮುಚ್ಚಬಹುದು, ಅಷ್ಟೆ. ನಿಮ್ಮ ಕೈಯಲ್ಲಿರುವುದು ಮನೆಯೊಳಗಿನ ಹೊಗೆ: ಸೊಳ್ಳೆ ಬತ್ತಿ, ಸಾಂಬ್ರಾಣಿ, ಹಂಡೆ ಒಲೆ, ಬೀಡಿ. ಸೊಳ್ಳೆಗೆ ಪರದೆ ಕಟ್ಟಿ.

ಬುಡೆಸೊನೈಡ್ ದಮ್ಮು ಹತ್ತಿದಾಗ ಬಿಡಿಸುವ ಔಷಧವಲ್ಲ. ಶ್ವಾಸನಾಳದ ಒಳಗಿನ ಊತವನ್ನು ನಿಧಾನಕ್ಕೆ ಇಳಿಸುತ್ತದೆ. ಹತ್ತು ದಿನಕ್ಕೆ ತೀರ್ಪು ಕೊಡಲಾಗದು. ಎರಡು–ಮೂರು ತಿಂಗಳು ತಪ್ಪದೆ ಕೊಟ್ಟ ಮೇಲೆ ಮುಂದುವರಿಸಬೇಕೋ ಬೇಡವೋ ಎಂದು ಡಾಕ್ಟರು ನಿರ್ಧರಿಸುತ್ತಾರೆ. ಇದು ಸ್ಟೀರಾಯ್ಡ್ ಎಂಬ ಹೆದರಿಕೆಯಿದ್ದರೆ ತಿಳಿಯಿರಿ: ದೀರ್ಘಕಾಲ ಕೊಟ್ಟಾಗ ಎತ್ತರದಲ್ಲಿ ಸುಮಾರು 1 ಸೆಂ.ಮೀ. ವ್ಯತ್ಯಾಸವಾಗಬಹುದು. ಪದೇ ಪದೇ ದಮ್ಮು ಹತ್ತಿ ನುಂಗಿಸುವ ಸ್ಟೀರಾಯ್ಡ್‌ಗಿಂತ ಇದು ಎಷ್ಟೋ ಮೇಲು. ಪ್ರತಿ ಸಲ ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಮುಖ ಒರೆಸಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಬರಬಹುದು.

ಪ್ರಶ್ನೆ: ಮೊಸರು, ಬಾಳೆಹಣ್ಣು ಬಿಡಿಸಬೇಕೇ? ಬಿಸಿನೀರಿನ ಆವಿ ಕೊಡಬಹುದೇ?
– ಓದುಗರು, ಜಗಳೂರು

ಉತ್ತರ: ತಿಂದ ಕೂಡಲೇ ಮೈ ದದ್ದು ಅಥವಾ ಉಬ್ಬಸ ಕಂಡಿಲ್ಲವೆಂದರೆ ಬಿಡಿಸಬೇಡಿ. ಆವಿಯಿಂದ ಉಬ್ಬಸ ಇಳಿಯುವುದಿಲ್ಲ, ಪಾತ್ರೆ ಮಗುಚಿ ಸುಟ್ಟುಕೊಳ್ಳುವ ಅಪಾಯವೇ ಹೆಚ್ಚು. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರವಿರುವ ಮುಲಾಮನ್ನೂ ಹಚ್ಚಬೇಡಿ.

ಪ್ರಶ್ನೆ: ಮನೆಯಲ್ಲಿ ಶೇಂಗಾ ಸುಲಿಯುವಾಗ ಒಂದೂವರೆ ವರ್ಷದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಉಸಿರುಗಟ್ಟಿತು, ಆಮೇಲೆ ಸರಿಹೋಯಿತು. ಈಗ ಐದು ದಿನದಿಂದ ಒಂದೇ ಸಮನೆ ಸುಂಯ್ ಸದ್ದು. ನೆಗಡಿ ಇಲ್ಲ. ಆಸ್ತಮಾ ಇರಬಹುದೇ?
– ಓದುಗರು, ಚಳ್ಳಕೆರೆ

ಉತ್ತರ: ಇದನ್ನು ಆಸ್ತಮಾ ಎಂದುಕೊಂಡು ಪಂಪ್ ಕೊಡುತ್ತ ಕೂರಬೇಡಿ. ಶೇಂಗಾ ಬೀಜದ ಚೂರು ಶ್ವಾಸನಾಳಕ್ಕೆ ಜಾರಿರುವ ಸಾಧ್ಯತೆ ಬಲವಾಗಿದೆ. ಮೊದಲ ಕೆಮ್ಮು ನಿಂತು ಮಗು ಆಟವಾಡತೊಡಗುತ್ತದೆ, ಮೋಸ ಹೋಗುವುದು ಅಲ್ಲೇ. ಬೀಜ ಒಳಗೇ ಉಬ್ಬಿ, ಅದರ ಎಣ್ಣೆಗೆ ಸುತ್ತಲ ಪೊರೆ ಊದಿಕೊಂಡು, ಕೊನೆಗೆ ನ್ಯುಮೋನಿಯಾ ಆಗಬಹುದು. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ, ಎಕ್ಸ್‌ರೇ ಸರಿಯಿದೆ ಎಂದರೂ ಸುಮ್ಮನಾಗಬೇಡಿ. ಇವತ್ತೇ ಮಕ್ಕಳ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ವಿಧಾನ) ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಶೇಂಗಾ ಸುಲಿಯುವಾಗ ಉಸಿರುಗಟ್ಟಿದ ಸಂಗತಿಯನ್ನೇ ಮೊದಲು ಹೇಳಿ. ಹೋಗುವ ಮುನ್ನ ಏನೂ ತಿನ್ನಿಸಬೇಡಿ, ಅರಿವಳಿಕೆ ಕೊಡಬೇಕಾಗಬಹುದು.