ಹಳೇ ಕಾಲೇಜಿಗೆ ಫೀಸು ಬಾಕಿ ಇದೆ, ಮತ್ತೆ ಡಿಗ್ರಿಗೆ ಸೇರಬಹುದಾ?

ಖಂಡಿತ ಸೇರಬಹುದು. ಎರಡನೇ ವರ್ಷಕ್ಕೆ ಓದು ಬಿಟ್ಟೆ, ಬಾಕಿ ಕಟ್ಟದೆ ಪಿಯುಸಿ ಅಂಕಪಟ್ಟಿಯನ್ನೂ ಟಿಸಿಯನ್ನೂ ಕೊಡುತ್ತಿಲ್ಲ, ಈಗ ಮಡಿಕೇರಿಯಲ್ಲಿ ಸೇರಬೇಕು ಎಂದಿದ್ದೀರಿ. ಅಂಕಪಟ್ಟಿ, ಟಿಸಿ ಎರಡೂ ಒಂದೇ ಅಲ್ಲ.

ಮೂಲ ಅಂಕಪಟ್ಟಿ ನಿಮ್ಮದು. ಅದನ್ನು ಕಾಲೇಜು ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರಲ್ಲೇ ಹೇಳಿದೆ. ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆಗಲೂ ಕೊಡದಿದ್ದರೆ ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಡಿ.

ಟಿಸಿ ಮಾತ್ರ ಕಾಲೇಜೇ ಬರೆದುಕೊಡಬೇಕಾದ ಪತ್ರ. ಬಾಕಿ ತೀರದೆ ಸಾಮಾನ್ಯವಾಗಿ ಕೊಡುವುದಿಲ್ಲ. ಇಲ್ಲಿ ಮಾತುಕತೆಯೇ ದಾರಿ. ಆದರೆ ಹೇಳಿದಷ್ಟನ್ನು ಸುಮ್ನೆ ಒಪ್ಪಬೇಡಿ, ಮೊದಲು ಲೆಕ್ಕ ಕೇಳಿ. ನೀವು ಬಿಟ್ಟ ನಂತರದ ಸೆಮಿಸ್ಟರಿನ ಫೀಸೂ ಸೇರಿದೆಯಾ? ಕಾಷನ್ ಡಿಪಾಸಿಟ್ (ವಾಪಸ್ ಬರಬೇಕಾದ ಠೇವಣಿ) ಬಾಕಿಯಿಂದ ಕಳೆದಿದ್ದಾರಾ? ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ದರೆ ಆ ಹಣ ಬಂತಾ ನೋಡಿ. ಎಷ್ಟೋ ಸಲ ಬಾಕಿ ಇಲ್ಲೇ ಕಡಿಮೆಯಾಗುತ್ತದೆ.

ಉಳಿದದ್ದಕ್ಕೆ ಕಂತು ಕೇಳಿ. ಮನೆಯ ಆದಾಯ ಕಾಫಿಯಿಂದಲೇ ಅಂತ ಬರೆದಿದ್ದೀರಿ. ಹಾಗಾದರೆ ಕೊಯ್ಲು ಮುಗಿದು ಹಣ ಕೈಗೆ ಬರುವ ಮಾರ್ಚ್–ಏಪ್ರಿಲ್‌ಗೆ ದೊಡ್ಡ ಕಂತು ಇಡಿಸಿ. ನಮ್ಮ ಕೊಡಗಿನಲ್ಲಿ ಇದು ಯಾರಿಗೂ ಅರ್ಥವಾಗದ ಮಾತಲ್ಲ. ಪ್ರಾಂಶುಪಾಲರನ್ನೇ ನೇರವಾಗಿ ಕಾಣಿ. ಒಪ್ಪಿದ್ದನ್ನು ಬರೆಸಿಕೊಳ್ಳಿ, ಪ್ರತಿ ಕಂತಿಗೂ ರಸೀದಿ ಇರಲಿ.

ಹೊಸ ಕಾಲೇಜಿನವರಿಂದ ವಿಷಯ ಮುಚ್ಚಿಡಬೇಡಿ. ಕಂತಿನ ಪತ್ರ ತೋರಿಸಿ, ಟಿಸಿಗೆ ಸ್ವಲ್ಪ ಸಮಯ ಕೇಳಿ. ನಾಚಿಕೆಗೇ ಓದು ಬಿಟ್ಟವರನ್ನು ನೋಡಿ ನನಗೆ ತುಂಬಾ ಬೇಸರವಾಗಿದೆ. ಹಳೇ ಕಾಲೇಜು ಜಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಕಾನೂನು ನೆರವು ಉಚಿತ.