ನೆಲ ಡೊಂಕೇ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: 'ಜಾವಾ ತಂತ್ರಾಂಶಗಳು ನಡೆದದ್ದನ್ನು ದಾಖಲಿಸಿಕೊಳ್ಳಲು ಬಳಸುವ ಸಿದ್ಧ ಕೋಡ್ (ಲೈಬ್ರರಿ) ಲಾಗ್‌ಫೋರ್‌ಜೆಯ ಪ್ರಕರಣದ ಬಳಿಕ ನಮ್ಮ ಕಚೇರಿಯವರಿಗೆ ಜಾವಾ ಎಂದರೆ ಭಯ. ಎಲ್ಲವನ್ನೂ ಡಾಟ್‌ನೆಟ್ ಎಂಬ ಇನ್ನೊಂದು ತಂತ್ರಾಂಶ ವೇದಿಕೆಗೆ ಸಾಗಿಸಬೇಕೆನ್ನುತ್ತಾರೆ. ಯಾವುದು ಹೆಚ್ಚು ಸುರಕ್ಷಿತ? ಒಂದೇ ಮಾತಿನಲ್ಲಿ ತಿಳಿಸಿ.'

ಸಂಪಾದಕರ ಉತ್ತರ: ಒಂದೇ ಮಾತಿನಲ್ಲಿ ಮುಗಿಸುವುದು ನನಗೆ ಬಾರದೆಂಬುದು ನಿಮ್ಮಂತಹ ಹಳೆಯ ಓದುಗರಿಗೆ ಗೊತ್ತೇ ಇದೆ. ಡಾಟ್‌ನೆಟ್‌ಗೆ ಸಲ್ಲಬೇಕಾದ ಮನ್ನಣೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಅದಕ್ಕೆ ಮೈಕ್ರೋಸಾಫ್ಟ್ ಎಂಬ ಯಜಮಾನನಿದ್ದಾನೆ. ತಿಂಗಳ ಎರಡನೇ ಮಂಗಳವಾರ ದುರಸ್ತಿಗಳು ಬರುತ್ತವೆ. ದತ್ತಾಂಶವನ್ನು ಕಟ್ಟಿ ಬಿಚ್ಚುವ, ಅಪಾಯಕಾರಿಯೆಂದು ಗೊತ್ತಾದ ಬೈನರಿಫಾರ್ಮ್ಯಾಟರನ್ನು 2024ರಲ್ಲಿ ಡಾಟ್‌ನೆಟ್ 9ರಿಂದ ಕಿತ್ತುಹಾಕಿದ್ದಾರೆ. ಇಷ್ಟು ಸಾಕು.

ಇನ್ನು ನೀವು ದೂರುವ ಲಾಗ್‌ಫೋರ್‌ಜೆ. ಬಳಕೆದಾರ ಬರೆದ ಒಂದು ಸಾಲನ್ನು ದಾಖಲಿಸಲು ಹೋಗಿ, ಸರ್ವರ್ ತಾನೇ ಹೊರಗಿನಿಂದ ಕೋಡ್ ತಂದು ಓಡಿಸಿಬಿಡುವ ದೋಷವದು. ಅದರ ಘೋರತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2021ರ ಡಿಸೆಂಬರ್‌ನಲ್ಲಿ, ಮೊದಲ ದುರಸ್ತಿ ಸಾಲದೆ ಹೋದಾಗ, ಒಂದೇ ತಿಂಗಳೊಳಗೆ 2.15ರಿಂದ 2.17ರವರೆಗೆ ಆವೃತ್ತಿಗಳನ್ನು ಹೊರತಂದವರು ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಬೆರಳೆಣಿಕೆಯ ಸ್ವಯಂಸೇವಕರು. ಅವರ ದುಡಿಮೆಯನ್ನು ಪುಕ್ಕಟೆಯಾಗಿ ಉಂಡವರೇ ಅವರನ್ನು ಬೈದರು!

ಜನರ ಸಾಲದ ವಿವರಗಳನ್ನು ಇಟ್ಟುಕೊಳ್ಳುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯನ್ನು ನೋಡಿ. ಅದು ಬಳಸುತ್ತಿದ್ದ ಸ್ಟ್ರಟ್ಸ್ ಎಂಬ ಜಾವಾ ತಂತ್ರಾಂಶದ ದೋಷಕ್ಕೆ 2017ರ ಮಾರ್ಚ್‌ನಲ್ಲೇ ಉಚಿತ ಪರಿಹಾರ ದೊರೆತಿತ್ತು, ಕಳ್ಳರು ಕನ್ನ ಹಾಕಿದ್ದು ಮೇ ತಿಂಗಳಲ್ಲಿ. ಆ ಆಲಸ್ಯಕ್ಕೆ ಸುಮಾರು 14.7 ಕೋಟಿ ಜನರ ವಿವರಗಳು ಬಲಿಯಾದವು. ಡಾಟ್‌ನೆಟ್ ಕಡೆಯೇನೂ ಬೇರೆಯಲ್ಲ: ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದಾದ ಮೂರು ಸಾವಿರಕ್ಕೂ ಹೆಚ್ಚು ಮಷೀನ್ ಕೀಗಳನ್ನು (ಜಾಲತಾಣದ ಮಾಹಿತಿಯನ್ನು ಕಾಯುವ ಗುಟ್ಟಿನ ಕೀಲಿಗಳು) ಕಂಡಿದ್ದೇವೆಂದು 2025ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟೇ ಎಚ್ಚರಿಸಿತು. ಉದಾಹರಣೆಗೆಂದು ಕೊಟ್ಟ ಬೀಗದ ಕೈಯನ್ನೇ ನಕಲಿಸಿ ತಮ್ಮ ಬಾಗಿಲಿಗೆ ಹಾಕಿಕೊಂಡ ಪ್ರೋಗ್ರಾಮರುಗಳಿದ್ದಾರೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ.

ನಮ್ಮ ಮನೆಯ ಮಾನವನ್ನೂ ಹೇಳಿಬಿಡುತ್ತೇನೆ. 2021ರ ಆ ಡಿಸೆಂಬರ್‌ನಲ್ಲಿ ನಮ್ಮ ಚಂದಾ ವಿಭಾಗದ ತಂತ್ರಾಂಶದೊಳಗೆ ಏನೇನಿದೆಯೆಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಬರೆದಾತ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಲಾಗ್‌ಫೋರ್‌ಜೆ-ಕೋರ್ ಎಂಬ ಕಡತವನ್ನು ನಡುರಾತ್ರಿಯವರೆಗೆ ಹುಡುಕಿದೆವು. ಎರಡು ಬೇಗ ಸಿಕ್ಕವು, ಮೂರನೆಯದು ಜಾವಾ ಕೋಡನ್ನು ಗಂಟು ಕಟ್ಟಿಡುವ ಇನ್ನೊಂದು ಜಾರ್ ಕಡತದ ಹೊಟ್ಟೆಯೊಳಗೆ ಅವಿತಿತ್ತು.

ಟೆಂಡರುಗಳಲ್ಲಿ ವೇದಿಕೆಯ ಹೆಸರಿಗೆ ಒಂದು ಪುಟವೇ ಮೀಸಲು, ಮುಂದಿನ ಐದು ವರ್ಷದ ನಿರ್ವಹಣೆಗೆ ಒಂದು ಸಾಲೂ ಇರುವುದಿಲ್ಲ. ಆಡಿಟ್ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಲು ಮಾತ್ರ ಹಣವಿರುತ್ತದೆ. ನಿಮ್ಮ ಕಚೇರಿಯವರು ಗಂಟುಮೂಟೆ ಕಟ್ಟುವ ಮೊದಲು, ಇಂದು ಓಡುತ್ತಿರುವ ತಂತ್ರಾಂಶದಲ್ಲಿ ಯಾವ ಲೈಬ್ರರಿಯ ಯಾವ ಆವೃತ್ತಿಯಿದೆಯೆಂದು ಕೇಳಿ ನೋಡಿ. ಉತ್ತರ ಸಿಕ್ಕಿದರೆ ಇನ್ನೊಂದು ಪತ್ರ ಬರೆಯಿರಿ, ಪ್ರಕಟಿಸುತ್ತೇನೆ.