ಸೀರೆಗಳ ಅಡಿಯಲ್ಲಿ ಬಚ್ಚಿಟ್ಟ ಪುಸ್ತಕ

(ಗುರುತು ಸಿಗಬಾರದೆಂದು ವಯಸ್ಸು, ಮನೆಯ ವಿವರ ಬದಲಿಸಿದ್ದೇನೆ.)

ನನ್ನ ಬಳಿ ಆಪ್ತಸಲಹೆಗೆ ಬಂದ ಈಕೆ ಕರಾವಳಿಯ ಕ್ಯಾಥೊಲಿಕ್ ಮನೆಯವರು. ಐವತ್ತರ ಆಸುಪಾಸು. ಹದಿನೆಂಟು ವರ್ಷದಿಂದ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಹೇಳಿಕೊಡುತ್ತಾರೆ. "ನಿದ್ದೆ ಬರುದಿಲ್ಲ ಮೇಡಂ. ತೇರ್ಸ್ ಹೇಳುವಾಗ ಬಾಯಿ ಮಾತ್ರ ಆಡ್ತದೆ" ಅಂದರು. ತೇರ್ಸ್ ಅಂದರೆ ಜಪಮಣಿ ಹಿಡಿದು ಹೇಳುವ ಪ್ರಾರ್ಥನೆ. ಮೊದಲ ದಿನ ಅಷ್ಟೇ.

ಎರಡನೇ ಸಲ ವಿಷಯ ಹೊರಗೆ ಬಂತು. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಪಾಠದ ನಡುವೆ, "ಟೀಚರ್, ಯೇಸುವಿಗೆ ಮದುವೆ ಆಗಿತ್ತಂತೆ, ಹೌದಾ?" ಅಂದ. ಮೊಬೈಲಿನಲ್ಲಿ ಸಿನಿಮಾ ನೋಡಿದ್ದ. ಇವರು ಗದರಿಸಿ ಕೂರಿಸಿದರು. ಆದರೆ ಉತ್ತರ ಬೇಕಲ್ವಾ? ಅಣ್ಣನ ಮಗನಿಂದ ಆ ಸಿನಿಮಾದ ಮೂಲ ಕಾದಂಬರಿ 'ಡಾ ವಿಂಚಿ ಕೋಡ್' ತಂದು ಎರಡೇ ರಾತ್ರಿಯಲ್ಲಿ ಓದಿ ಮುಗಿಸಿದರು. ಆಮೇಲೆ ಅದನ್ನು ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟರು. ಇಗರ್ಜಿಯ (ಚರ್ಚಿನ) ಹಿರಿಯರೊಬ್ಬರನ್ನು ಕೇಳಿದರೆ, "ಅಂಥದ್ದು ಓದಿದ್ದೇ ತಪ್ಪು, ಕುಮ್ಸಾರಿಗೆ (ಪಾಪನಿವೇದನೆಗೆ) ಹೋಗಿ ಬನ್ನಿ" ಎಂಬ ಉತ್ತರ.

"ಅದು ಬರೀ ಕಥೆ, ಬಿಡಿ" ಎಂದು ನಾನು ಹೇಳಲಿಲ್ಲ. 2003ರ ಆ ಕಾದಂಬರಿ ಕಥೆಗೆ ಮುಂಚೆಯೇ 'ಇದು ಸತ್ಯ' ಎಂದು ಒಂದು ಪುಟ ಹಾಕಿಕೊಂಡಿದೆ. ಓದುವವರು ಎಡವುವುದು ಅಲ್ಲೇ. ಹಾಗಾಗಿ ಒಂದು ನೋಟ್ ಬುಕ್ ತರಲು ಹೇಳಿದೆ. ಎದೆ ಧಸಕ್ಕೆಂದ ಪ್ರತಿಯೊಂದು ಮಾತನ್ನೂ ಬರೆಯಿರಿ, ಒಂದೊಂದಾಗಿ ನೋಡೋಣ ಎಂದೆ.

ಒಂಬತ್ತು ಮಾತು ಬರೆದು ತಂದರು. ಹೆಚ್ಚಿನವು ಬೇಗ ಬಿದ್ದುಹೋದವು. 1099ರಲ್ಲಿ ಹುಟ್ಟಿತೆಂದು ಕಾದಂಬರಿ ಹೇಳುವ ಗುಪ್ತಸಂಘವನ್ನು ಪಿಯೆರ್ ಪ್ಲಾಂತಾರ್ ಎಂಬಾತ ಮತ್ತು ಗೆಳೆಯರು ಫ್ರಾನ್ಸಿನಲ್ಲಿ ನೋಂದಾಯಿಸಿದ್ದು 1956ರಲ್ಲಿ. ಯೇಸು ದೇವರೋ ಅಲ್ಲವೋ ಎಂಬುದು 325ರಲ್ಲಿ ಬಿಷಪರು ಸೇರಿದ್ದ ನಿಸಿಯ ಸಭೆಯಲ್ಲಿ ಕೆಲವೇ ಮತಗಳಿಂದ ತೀರ್ಮಾನವಾಯಿತು ಎಂಬ ಮಾತಿದೆ. ಅಲ್ಲಿ ಇನ್ನೂರಕ್ಕೂ ಹೆಚ್ಚು ಬಿಷಪರಿದ್ದರು, ಸಭೆಯ ನಿರ್ಣಯಕ್ಕೆ ಕೊನೆಗೂ ಸಹಿ ಹಾಕದೆ ಉಳಿದವರು ಇಬ್ಬರು. ಕಾದಂಬರಿಯ ಕೊಲೆಗಾರ ಸನ್ಯಾಸಿ ಒಪುಸ್ ದೇಯಿ ಎಂಬ ಕ್ಯಾಥೊಲಿಕ್ ಸಂಸ್ಥೆಯವನಂತೆ. ಆ ಸಂಸ್ಥೆಯಲ್ಲಿ ಸನ್ಯಾಸಿಗಳೇ ಇಲ್ಲ.

ಒಂದು ಸಾಲಿಗೆ ಮಾತ್ರ ಗೀಟು ಹಾಕಲಾಗಲಿಲ್ಲ. ಯೇಸುವಿನ ಶಿಷ್ಯೆ, ಕಾದಂಬರಿ ಆತನ ಹೆಂಡತಿ ಎನ್ನುವ ಮಗ್ದಲದ ಮರಿಯಳಿಗೆ ಅನ್ಯಾಯವಾಗಿದೆ ಎಂಬುದು. ಮದುವೆಯ ಕಥೆ ಕಟ್ಟುಕಥೆಯೇ. ಆದರೆ ಆಕೆ ವೇಶ್ಯೆ ಎಂದು ಸುವಾರ್ತೆಗಳಲ್ಲಿ ಎಲ್ಲೂ ಇಲ್ಲ. 591ರಲ್ಲಿ ಪೋಪ್ ಗ್ರೆಗೊರಿ ಒಂದು ಪ್ರಸಂಗದಲ್ಲಿ ಲೂಕನ ಸುವಾರ್ತೆಯ ಪಾಪಿ ಹೆಂಗಸೇ ಈಕೆ ಎಂದುಬಿಟ್ಟರು. ಅದೇ ಉಳಿದುಬಿಟ್ಟಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಜುಲೈ 22ರ ಆಕೆಯ ದಿನವನ್ನು ಪ್ರೇಷಿತರ (ಯೇಸುವಿನ ಪ್ರಮುಖ ಶಿಷ್ಯರ) ಹಬ್ಬಗಳ ಸಾಲಿಗೆ ಏರಿಸಿದರು.

ಇದನ್ನು ಓದುತ್ತಾ ಆಕೆ ಅತ್ತುಬಿಟ್ಟರು. "ಆಕೆ ಕೆಟ್ಟ ಹೆಂಗಸು ಅಂತ ಹದಿನೆಂಟು ವರ್ಷ ನಾನೇ ಮಕ್ಕಳಿಗೆ ಕಲಿಸಿದ್ದೇನಲ್ಲ ಮೇಡಂ. ನಮಗೆ ಯಾಕೆ ಯಾರೂ ಹೇಳ್ಲಿಲ್ಲ?"

ಗಂಟು ಇಲ್ಲಿತ್ತು. ನಂಬಿಕೆ ಹೋಯಿತು ಎಂದು ಆಕೆ ಹೆದರಿದ್ದರು. ನನಗೆ ಕಂಡದ್ದು ಸಿಟ್ಟು, ಜೊತೆಗೆ ಸ್ವಲ್ಪ ಅಪರಾಧಿ ಭಾವ. ನಾನು ಕ್ರೈಸ್ತಳಲ್ಲ, ದೇವರ ವಿಷಯಕ್ಕೆ ಕೈಹಾಕಲಿಲ್ಲ. ಬೈಬಲ್ ಓದಿಕೊಂಡ ಫಾದರ್ ಒಬ್ಬರ ಹತ್ತಿರ ನೋಟ್ ಬುಕ್ ಒಯ್ಯಿರಿ, ಆ ಸಿಟ್ಟನ್ನೂ ಹಾಗೇ ಹೇಳಿ ಎಂದೆ. ಪುಸ್ತಕ ಸೀರೆಯಡಿಯಿಂದ ಮೇಜಿಗೆ ಬರಲಿ, ಗಂಡನಿಗೂ ಗೊತ್ತಾಗಲಿ. ಕದ್ದು ಓದಿದ್ದೇ ಅರ್ಧ ನಿದ್ದೆ ತಿಂದಿತ್ತು. ಇಡೀ ತೇರ್ಸ್ ಬಲವಂತಕ್ಕೆ ಬೇಡ, ಕೆಲವು ದಿನ ಮನಸ್ಸಿಟ್ಟು ಹತ್ತು ಮಣಿ ಸಾಕು. ಆ ಹುಡುಗನನ್ನು ಕರೆದು, ಗದರಿಸಿದ್ದು ತಪ್ಪಾಯಿತು ಎಂದು ಉಳಿದವರ ಎದುರೇ ಹೇಳಿ. 2006ರಲ್ಲಿ ಸಿನಿಮಾ ಬಂದಾಗ ತಮಿಳುನಾಡು, ಆಂಧ್ರ ಸರ್ಕಾರಗಳು ನಿಷೇಧಿಸಿದವು, ಕೋರ್ಟು ಅದನ್ನು ತೆಗೆಯಿತು. ಈಗ ಅದು ಹುಡುಗರ ಜೇಬಿನಲ್ಲೇ ಇದೆ. ಬಾಯಿ ಮುಚ್ಚಿಸಿ ಏನು ಮಾಡುವುದು?

ಕೊನೆಯದನ್ನು ಒಪ್ಪಲು ಆಕೆಗೆ ಜಾಸ್ತಿ ಕಷ್ಟವಾಯಿತು. ಟೀಚರ್ ಆದವರು ಮಕ್ಕಳ ಎದುರು ತಪ್ಪಾಯಿತು ಅನ್ನುವುದೆಂದರೆ ಸುಮ್ನೆ ಅಲ್ಲ.

ತಿಂಗಳು ಬಿಟ್ಟು ಬಂದರು. ನಿದ್ದೆ ಪರವಾಗಿಲ್ಲ. ಯೊವಾನ್ನರ ಸುವಾರ್ತೆಯ ಇಪ್ಪತ್ತನೇ ಅಧ್ಯಾಯ, ಮರಿಯಳು ಸಮಾಧಿಯ ಹತ್ತಿರ ಅಳುತ್ತಾ ನಿಂತ ಭಾಗ, ಪಾಠ ಮಾಡಿದರಂತೆ. ಹುಡುಗ ಮತ್ತೆ ಕೈ ಎತ್ತಿದನಂತೆ: "ಹಾಗಾದ್ರೆ ಟೀಚರ್, ಪೋಪ್ ತಪ್ಪು ಹೇಳ್ಬಹುದಾ?"

"ನೀವೇನಂದಿರಿ?" ಎಂದೆ.

"ಬರುವ ಆದಿತ್ಯವಾರ ಹೇಳ್ತೇನೆ ಅಂದೆ" ಎಂದು ನಕ್ಕರು. ಬ್ಯಾಗಿನಿಂದ ನೋಟ್ ಬುಕ್ ಇಣುಕುತ್ತಿತ್ತು.